ದೀಕ್ಷಾಸ್ನಾನ ಮತ್ತೊಮ್ಮೆ ಬೇಕೆ?

ಕೈಗೂಸಾಗಿದ್ದಾಗ ಆದ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಲೆಕ್ಕಕ್ಕಿಲ್ಲ, ನೀರಿನಲ್ಲಿ ಪೂರ್ತಿ ಮುಳುಗಿ ಮತ್ತೆ ಮಾಡಿಸಿಕೊಳ್ಳಬೇಕು ಎಂದು ಪ್ರಾರ್ಥನಾಕೂಟದವರು ಒತ್ತಾಯಿಸುತ್ತಿರುವುದಾಗಿ ಬರೆದಿದ್ದೀರಿ. ಮನೆಯವರಿಗೆ ಹೇಳದೆ ಮಾಡಿಸಿಕೊಂಡರೆ ತಪ್ಪೇ ಎಂದೂ ಕೇಳಿದ್ದೀರಿ.

ನೀರಿನ ಅಳತೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಆದಿಸಭೆಯ ಕೈಪಿಡಿಯಾದ ‘ದಿದಾಖೆ’ ಹರಿಯುವ ನೀರನ್ನು ಬಯಸುತ್ತದೆ. ಸಿಗದಿದ್ದರೆ ಬೇರೆ ನೀರು, ತಣ್ಣೀರಾಗದಿದ್ದರೆ ಬಿಸಿನೀರು, ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಬಾರಿ ಸುರಿದರಾಯಿತು ಎನ್ನುತ್ತದೆ. ಕ್ರಿಸ್ತನೊಂದಿಗೆ ಹೂಣಲ್ಪಟ್ಟು ಹೊಸ ಬದುಕಿಗೆ ಏಳುವುದನ್ನು (ರೋಮಾಪುರದವರಿಗೆ 6:4) ಮುಳುಗುವಿಕೆ ಹೆಚ್ಚು ಸೊಗಸಾಗಿ ತೋರಿಸುತ್ತದೆ, ನಿಜ. ಆದರೆ ಕೊಡದ ಗಾತ್ರದ ಮೇಲೆ ಕೃಪೆ ನಿಂತಿಲ್ಲ.

ಶಿಶುಗಳ ಪ್ರಶ್ನೆ ಇಷ್ಟು ಸುಲಭವಲ್ಲ. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ನಡುರಾತ್ರಿಯಲ್ಲಿ ಪೌಲ, ಸೀಲರ ಗಾಯಗಳನ್ನು ತೊಳೆದು, ಆಗಲೇ ಮನೆಯವರೆಲ್ಲರೊಂದಿಗೆ ದೀಕ್ಷಾಸ್ನಾನ ಹೊಂದಿದನು. ಆ ಮನೆಯಲ್ಲಿ ತೊಟ್ಟಿಲಿತ್ತೇ? ಈ ಘಟನೆಯನ್ನು ಬರೆದ ಲೂಕನು ಹೇಳುವುದಿಲ್ಲ, ಎರಡೂ ಪಕ್ಷದವರು ತಮಗೆ ಬೇಕಾದಂತೆ ಊಹಿಸಿಕೊಳ್ಳುತ್ತಾರೆ. ಕ್ರಿ.ಶ. 200ರ ಸುಮಾರಿಗೆ ತೆರ್ತುಲಿಯನ್ ಎಂಬ ಕ್ರೈಸ್ತ ಲೇಖಕ ಮಕ್ಕಳಿಗೆ ತಡೆದು ಕೊಡುವುದು ಲೇಸೆಂದು ವಾದಿಸಿದನು. ಅಂದರೆ ಆ ಪದ್ಧತಿ ಆಗಲೇ ಇತ್ತು.

ನನ್ನ ನಿಲುವು ಇದು: ದೀಕ್ಷಾಸ್ನಾನದಲ್ಲಿ ಮೊದಲು ಕೈಚಾಚುವವನು ದೇವರು. ಉತ್ತರ ಆಫ್ರಿಕದಲ್ಲಿ ದೊನಾತಿಸ್ಟರು ಎಂಬ ಬೇರ್ಪಟ್ಟ ಕ್ರೈಸ್ತರು, ಹಿಂಸೆಗೆ ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದವರ ಪಂಗಡ ಕೊಟ್ಟ ಸ್ನಾನ ಸಲ್ಲದೆಂದು ಮತ್ತೆ ಕೊಡುತ್ತಿದ್ದರು. ಯೇಸುವಿಗೆ ದ್ರೋಹ ಬಗೆದ ಯೂದನು ಕೊಟ್ಟರೂ ಕೊಡುವವನು ಕ್ರಿಸ್ತನೇ ಎಂದು ಅಲ್ಲಿನ ಬಿಷಪ್ ಅಗಸ್ಟೀನ್ ಉತ್ತರಿಸಿದನು. ಕೊಡುವವನ ಯೋಗ್ಯತೆಗೆ ಸಲ್ಲುವ ಮಾತು ಪಡೆಯುವವನ ಅರಿವಿಗೂ ಸಲ್ಲುತ್ತದೆಂದು ನಾನು ತಿಳಿಯುತ್ತೇನೆ. ನಮ್ಮ ನಂಬಿಕೆಯ ಬಿಸಿಯನ್ನೇ ನೆಚ್ಚಿಕೊಂಡರೆ, ಸಂಶಯ ಬಂದಾಗಲೆಲ್ಲ ನೀರಿಗಿಳಿಯಬೇಕಾದೀತು. ‘ಒಂದೇ ದೀಕ್ಷಾಸ್ನಾನ’ ಎಂದು ವಿಶ್ವಾಸಪ್ರಮಾಣದಲ್ಲಿ ಹೇಳುವವರು ನಾವು.

ಹಾಗೆಂದು ಆ ಕೂಟದವರನ್ನು ಹಗುರವಾಗಿ ಕಾಣಬೇಡಿ. ಅವರ ಲೆಕ್ಕದಲ್ಲಿ ಇದು ಎರಡನೆಯದಲ್ಲ, ಮೊದಲನೆಯದೇ. ಈ ನಂಬಿಕೆಗಾಗಿ ಫೆಲಿಕ್ಸ್ ಮಾಂಟ್ಸ್ ಎಂಬವನನ್ನು 1527ರಲ್ಲಿ ಜ್ಯೂರಿಕ್‌ನ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರೂ ಕ್ರೈಸ್ತರೇ.

ನೆನಪಿಲ್ಲದ್ದನ್ನು ನನ್ನದೆನ್ನುವುದು ಹೇಗೆ ಎಂಬ ನಿಮ್ಮ ಅಳಲು ನ್ಯಾಯವಾದದ್ದು. ಅದಕ್ಕೆ ದೃಢೀಕರಣವಿದೆ, ಸಭೆಯ ಮುಂದೆ ನಿಂತು ನಿಮ್ಮ ಬಾಯಿಂದಲೇ ನಂಬಿಕೆಯನ್ನು ಅರಿಕೆಮಾಡಿ. ಗುಟ್ಟಾಗಿ ಮಾತ್ರ ಏನನ್ನೂ ಮಾಡಬೇಡಿ. ದೀಕ್ಷಾಸ್ನಾನ ಸಭೆಯೊಳಗೆ ಸೇರಿಸುವಂಥದ್ದು, ಮನೆಯವರಿಂದ ಮರೆಮಾಚುವಂಥದ್ದಲ್ಲ. ಮೊದಲು ನಿಮ್ಮ ಹಳೆಯ ಚರ್ಚಿನ ದಾಖಲೆ ಪುಸ್ತಕವನ್ನು ತೆಗೆಸಿ ನೋಡಿ. ದಾಖಲೆಯೂ ಇಲ್ಲದೆ, ಕಂಡವರೂ ಇಲ್ಲದೆ ನಿಜವಾಗಿ ಸಂಶಯವಿದ್ದರೆ, ‘ನಿನಗೆ ಈಗಾಗಲೇ ದೀಕ್ಷಾಸ್ನಾನವಾಗಿರದಿದ್ದರೆ’ ಎಂಬ ಷರತ್ತಿನೊಂದಿಗೆ ಕೊಡುವ ಕ್ರಮ ಹಲವು ಸಭೆಗಳಲ್ಲಿ ಇದೆ. ನಿಮ್ಮ ಪಾದ್ರಿಯವರನ್ನು ಕೇಳಿ.

— ಸಂಪಾದಕ