ಬೀಗ ಹಾಕಿದ್ದು ಪ್ರೇಕ್ಷಕರಲ್ಲ ಸ್ವಾಮಿ

ಹೋದ ತಿಂಗಳು ಬ್ರಿಟನ್ನಿನ ಹಳೇ ಸ್ಪೀಡ್‌ವೇ (ಮಣ್ಣಿನ ಟ್ರ್ಯಾಕಲ್ಲಿ ಸುತ್ತು ಹೊಡೆಯೋ ಬೈಕ್ ರೇಸ್) ರೈಡರ್‌ಗಳ ಬಗ್ಗೆ ನಾಲ್ಕು ಪೇಜ್ ಹಾಕಿದ್ವಲ್ಲ, ಅದನ್ನ ಓದಿ ಕವೆಂಟ್ರಿಯಲ್ಲಿ ಕೆಲಸದಲ್ಲಿರೋ ಹಾಸನದ ಕಡೆ ಓದುಗರೊಬ್ಬರು (ಹೆಸರು ಹಾಕ್ಬೇಡಿ ಅಂದಿದ್ದಾರೆ) ಸಿಟ್ಟಲ್ಲೇ ಒಂದು ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: "ನಮ್ಮ ಪಕ್ಕದ ಮನೆ ತಾತ ಸಿಕ್ಕಾಗಲೆಲ್ಲ ಬ್ರ್ಯಾಂಡನ್ ಸ್ಟೇಡಿಯಂ, ಬ್ರ್ಯಾಂಡನ್ ಸ್ಟೇಡಿಯಂ ಅಂತ ತಲೆ ತಿಂತಾನೆ. ಜನ ಬರೋದು ನಿಲ್ಲಿಸಿದ್ರು, ಆಟ ಮುಚ್ಚಿತು, ಅಷ್ಟೇ ತಾನೆ? ಇಲ್ಲಿ ಬಾಡಿಗೆಗೆ ಮನೆ ಸಿಗಲ್ಲ, ಆ ಜಾಗದಲ್ಲಿ ಮನೆ ಕಟ್ಟಲಿ ಬಿಡಿ. ಬ್ರೇಕೇ ಇಲ್ದಿರೋ ಬೈಕಲ್ಲಿ ಸುತ್ತು ಹೊಡೆದ ಮುದುಕರ ನೆನಪು ಕಟ್ಕೊಂಡು ಕನ್ನಡ ಓದುಗರಿಗೆ ಏನಾಗ್ಬೇಕು?"

ಸಾರ್, ನಿಮ್ಮ ಮಾತಲ್ಲಿ ನ್ಯಾಯ ಇರೋ ಕಡೆ ಮೊದಲೇ ಒಪ್ಕೊಂಡ್ಬಿಡ್ತೀನಿ. ಸದ್ದು ವಿಪರೀತ, ಧೂಳು ಅದಕ್ಕಿಂತ ವಿಪರೀತ, ಮನೆ ಎಲ್ಲರಿಗೂ ಬೇಕು, ಟೀವಿ ಬಂದ್ಮೇಲೆ ಜನ ಕಮ್ಮಿ ಆಗಿದ್ದೂ ಹೌದು. ಆಯ್ತಾ? ಆದ್ರೆ "ಜನ ಬರೋದು ನಿಲ್ಲಿಸಿದ್ರು, ಆಟ ಮುಚ್ಚಿತು" ಅಂದ್ರಲ್ಲ, ಅಲ್ಲಿಗೆ ನನಗೆ ತಡ್ಕೊಳಕ್ಕಾಗಲಿಲ್ಲ.

ನಿಮ್ಮೂರನ್ನೇ ತಗೊಳ್ಳಿ. ಬ್ರ್ಯಾಂಡನ್‌ನಲ್ಲಿ ರೇಸ್ ಶುರುವಾಗಿದ್ದು 1928ರಲ್ಲಿ. ಅಲ್ಲಿನ ಕವೆಂಟ್ರಿ ಬೀಸ್ ಟೀಮು 2005, 2007, 2010, ಮೂರು ಸಲ ಲೀಗ್ ಗೆದ್ದಿತ್ತು. 2010ರಲ್ಲಿ ಚಾಂಪಿಯನ್, 2016ರ ಸೀಸನ್ ಮುಗೀತಿದ್ದಂಗೆ ಗೇಟಿಗೆ ಬೀಗ. ಯಾಕೆ? ಸ್ಟೇಡಿಯಂ ಟೀಮಿನದ್ದಲ್ಲ, ಜಾಗದ ಓನರ್‌ಗೆ ರೇಸಿಗಿಂತ ಸೈಟೇ ಲಾಭ, ಅಷ್ಟೇ. ಆಮೇಲೆ ಏನಾಯ್ತು? ಪ್ಲ್ಯಾನಿಂಗ್ ಜಗಳ ಹತ್ಕೊಳ್ತು, ಕಿಡಿಗೇಡಿಗಳು ನುಗ್ಗಿದ್ರು, ಗ್ರ್ಯಾಂಡ್‌ಸ್ಟ್ಯಾಂಡಿಗೆ ಬೆಂಕಿ ಬಿತ್ತು, ವರ್ಷಗಟ್ಟಲೆ ಅಲ್ಲಿ ರೇಸೂ ಇಲ್ಲ ನೀವು ಕೇಳೋ ಮನೆಯೂ ಇಲ್ಲ. ನಿಮ್ಮ ಪಕ್ಕದ ಮನೆ ತಾತ ಅಳ್ತಿರೋದು ಬರೀ ಯೌವನ ಹೋಯ್ತಲ್ಲ ಅಂತ ಅಲ್ಲ ಸ್ವಾಮಿ.

ಈ ಆಟದ ಇತಿಹಾಸ ಪೂರ್ತಿ ಬಾಡಿಗೆದಾರನ ಕಥೆ. ಸ್ಪೀಡ್‌ವೇ ಟೀಮುಗಳು ಹೆಚ್ಚಿನವು ನಾಯಿ ರೇಸಿನ ಸ್ಟೇಡಿಯಮ್ಮುಗಳಲ್ಲಿ ವಾರಕ್ಕೊಂದು ಸಂಜೆ ಜಾಗ ಬಾಡಿಗೆಗೆ ಹಿಡಿದು ಬದುಕಿದವು. ಮ್ಯಾಂಚೆಸ್ಟರಿನ ಬೆಲ್ ವ್ಯೂ ಹೈಡ್ ರೋಡ್ ಟ್ರ್ಯಾಕ್ 1987ರಲ್ಲಿ ಮಾರಾಟವಾಗಿ ಕಾರು ಹರಾಜು ಹಾಕೋ ಜಾಗ ಆಯ್ತು. ಲಂಡನ್ನಿನ ಹ್ಯಾರಿಂಗೇ ಸ್ಟೇಡಿಯಂ ಇದ್ದಲ್ಲಿ ಈಗ ಸೂಪರ್‌ಮಾರ್ಕೆಟ್. ಕ್ರೇಡ್ಲಿ ಹೀತ್ ಟೀಮಿನ ಡಡ್ಲಿ ವುಡ್ 1995ರಲ್ಲಿ ಮುಚ್ಚಿತು, ಅಲ್ಲೀಗ ಮನೆಗಳು. ಆ ಕ್ರೇಡ್ಲಿಯಲ್ಲೇ ಆಡ್ತಿದ್ದ ಅಮೆರಿಕದ ಬ್ರೂಸ್ ಪೆನ್‌ಹಾಲ್ 1981ರಲ್ಲಿ ವೆಂಬ್ಲಿಯಲ್ಲಿ ವರ್ಲ್ಡ್ ಚಾಂಪಿಯನ್ ಆದಾಗ ಸ್ಟೇಡಿಯಮ್ಮಲ್ಲಿ ಹತ್ತಿರ ಹತ್ತಿರ 90,000 ಜನ ಇದ್ರು. ಅದೇ ವೆಂಬ್ಲಿಯ ಕೊನೇ ವರ್ಲ್ಡ್ ಫೈನಲ್. ಜನ ಬರ್ತಿರಲಿಲ್ಲ ಅಂತೀರಿ!

ಇನ್ನೊಂದು ಹೇಳ್ತೀನಿ, ಇದು ನನಗೆ ಬಹಳ ಇಷ್ಟದ್ದು. ಪೂರ್ವ ಲಂಡನ್ನಿನ ಕಸ್ಟಮ್ ಹೌಸ್‌ನಲ್ಲಿದ್ದ ವೆಸ್ಟ್ ಹ್ಯಾಮ್ ಸ್ಟೇಡಿಯಂ 1972ರಲ್ಲಿ ಮುಚ್ಚಿ ಅಲ್ಲಿ ಮನೆಗಳು ಎದ್ದವು. ಆ ಬೀದಿಗಳಿಗೆ ಇಟ್ಟ ಹೆಸರು ನೋಡಿ: ಹಾಸ್ಕಿನ್ಸ್ ಕ್ಲೋಸ್, ವಿಲ್ಕಿನ್‌ಸನ್ ರೋಡ್, ಅಟ್ಕಿನ್‌ಸನ್ ರೋಡ್, ಕ್ರೂಂಬ್ಸ್ ರೋಡ್. ಜಾನಿ ಹಾಸ್ಕಿನ್ಸ್ ಅಂದ್ರೆ 1923ರಲ್ಲಿ ಆಸ್ಟ್ರೇಲಿಯಾದ ವೆಸ್ಟ್ ಮೇಟ್ಲೆಂಡ್‌ನಲ್ಲಿ ಈ ರೇಸಿಗೆ ಹೆಸರು ತಂದು, ಆಮೇಲೆ ಇಂಗ್ಲೆಂಡಿಗೆ ಹಡಗು ಹತ್ತಿ ಬಂದು ವೆಸ್ಟ್ ಹ್ಯಾಮ್ ನಡೆಸಿದ ಪ್ರೊಮೋಟರ್. ಬ್ಲೂಯಿ ವಿಲ್ಕಿನ್‌ಸನ್ 1938ರ ವರ್ಲ್ಡ್ ಚಾಂಪಿಯನ್. ಟ್ರ್ಯಾಕ್ ಕಿತ್ತು ಬೋರ್ಡಲ್ಲಿ ಹೆಸರು ಉಳಿಸಿದ್ರು. ಅಲ್ಲಿ ಪಾರ್ಸೆಲ್ ತಲುಪಿಸೋ ಹುಡುಗನಿಗೆ ವಿಲ್ಕಿನ್‌ಸನ್ ಯಾರು ಅಂತ ಹೇಳೋಕೆ ಅದೇ ನಿಮ್ಮ ಪಕ್ಕದ ಮನೆ ತಾತನಂಥವರೇ ಬೇಕು.

ನೀವು ರೇಸ್ ನೋಡಿಲ್ಲ ಅಂತ ಬರೆದಿದ್ದೀರಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ನಾಲ್ಕು ಜನ, ನಾಲ್ಕು ಸುತ್ತು, ಸುಮಾರು ಒಂದು ನಿಮಿಷ, ಮುಗೀತು. 500 ಸಿಸಿ ಒಂದೇ ಸಿಲಿಂಡರು, ಪೆಟ್ರೋಲ್ ಬದಲು ಮೆಥನಾಲ್, ಬ್ರೇಕ್ ಇಲ್ಲವೇ ಇಲ್ಲ. ತಿರುವಲ್ಲಿ ಹಿಂದಿನ ಚಕ್ರ ಬೇಕಂತಲೇ ಜಾರಿಸ್ತಾರೆ, ಬೈಕು ಎಡಕ್ಕೆ ತಿರುಗ್ತಿರುತ್ತೆ, ಮುಂದಿನ ಚಕ್ರ ಮಾತ್ರ ಬಲಕ್ಕೆ ಮುಖ ಮಾಡಿರುತ್ತೆ. ಎಡಗಾಲಿನ ಬೂಟಿಗೆ ಉಕ್ಕಿನ ತಳ ಕಟ್ಟಿರ್ತಾರೆ, ಅದನ್ನ ನೆಲಕ್ಕೆ ಉಜ್ಜಿಕೊಂಡೇ ಹೋಗಬೇಕು. ಗೆದ್ದವನಿಗೆ ಮೂರು ಪಾಯಿಂಟು, ಆಮೇಲೆ ಎರಡು, ಒಂದು, ಕೊನೆಯವನಿಗೆ ಸೊನ್ನೆ. ಪ್ರೇಕ್ಷಕರು ಪೆನ್ಸಿಲ್ ಹಿಡ್ಕೊಂಡು ಪ್ರೋಗ್ರಾಂ ಪುಸ್ತಕದಲ್ಲಿ ಪ್ರತಿ ಹೀಟಿನ (ಅಂದ್ರೆ ಒಂದೊಂದು ರೇಸಿನ) ಪಾಯಿಂಟ್ ತಾವೇ ಬರ್ಕೋತಾರೆ, ಮಧ್ಯೆ ಟ್ರ್ಯಾಕ್ಟರ್ ಬಂದು ಮಣ್ಣು ಸಮ ಮಾಡುತ್ತೆ. ಆಮೇಲೆ ಆ ವಾಸನೆ. ಎಂಜಿನ್ನಿಗೆ ಹಾಕ್ತಿದ್ದ ಎಣ್ಣೆ ಹರಳೆಣ್ಣೆಯಿಂದ ಮಾಡಿದ್ದು ಸಾರ್, ನಮ್ಮ ಅಜ್ಜಿಯರು ಭಾನುವಾರ ತಲೆಗೆ ತಟ್ಟುತ್ತಿದ್ದರಲ್ಲ ಅದೇ. ಆ ಸುಟ್ಟ ವಾಸನೆ ಕೋಟಿಗೆ ಹತ್ತಿದ್ರೆ ದಿನಗಟ್ಟಲೆ ಹೋಗಲ್ಲ ಅಂತ ಹಳಬರು ಇವತ್ತಿಗೂ ಮೂಗು ಅರಳಿಸಿ ಹೇಳ್ತಾರೆ.

1928ರ ಫೆಬ್ರವರಿ 19ಕ್ಕೆ ಎಸೆಕ್ಸಿನ ಹೈ ಬೀಚ್‌ನಲ್ಲಿ, ಕಿಂಗ್ಸ್ ಓಕ್ ಅನ್ನೋ ಪಬ್ಬಿನ ಹಿಂದಿನ ಬಯಲಲ್ಲಿ ರೇಸ್ ಇಟ್ಟಾಗ ಮೂರು ಸಾವಿರ ಜನ ಬಂದಾರು ಅಂದ್ಕೊಂಡಿದ್ರು. ಬಂದವರು ಅದರ ಎಷ್ಟೋ ಪಟ್ಟು, ಟ್ರ್ಯಾಕಿನ ಒಳಗಡೆನೂ ಹಗ್ಗದ ಹಿಂದೆ ನಿಂತು ನೋಡಿದ್ರು. ಬಂದವರಲ್ಲಿ ಹೆಚ್ಚಿನವರು ಕೈ ಕೆಲಸದವರು. ಎರಡನೇ ಮಹಾಯುದ್ಧ ಮುಗಿದ್ಮೇಲೆ ಸರ್ಕಾರ ಫುಟ್‌ಬಾಲಿಗಿಂತ ಜಾಸ್ತಿ ಮನರಂಜನಾ ತೆರಿಗೆಯನ್ನ ಇದೇ ಆಟದ ಟಿಕೆಟ್ ಮೇಲೆ ಹೇರಿದ್ದು ಯಾಕೆ ಅಂತ ನೀವೇ ಯೋಚ್ನೆ ಮಾಡಿ. ಬಡವರ ಆಟ ಅಂದ್ರೆ ಕೇಳೋರು ಯಾರು?

ರೈಡರ್‌ಗಳೇನು ದುಡ್ಡಿನ ಮೇಲೆ ಮಲಗಿದ್ರು ಅಂದ್ಕೋಬೇಡಿ. ಸ್ವಂತ ಬೈಕು, ಸ್ವಂತ ಮೆಕ್ಯಾನಿಕ್ಕು, ದುಡ್ಡು ಬರೋದು ಪಾಯಿಂಟ್ ಲೆಕ್ಕದಲ್ಲಿ. ಬಿದ್ದು ಕಾಲು ಮುರ್ಕೊಂಡ್ರೆ ಆ ವಾರ ಸೊನ್ನೆ. ಬೆಲ್ ವ್ಯೂ ಟೀಮಿನ ಪೀಟರ್ ಕಾಲಿನ್ಸ್ 1976ರಲ್ಲಿ ಪೋಲೆಂಡಿನಲ್ಲಿ ವರ್ಲ್ಡ್ ಚಾಂಪಿಯನ್ ಆದ, ಮರುವರ್ಷ ಫೈನಲ್ ಹತ್ತಿರ ಬಂದಾಗ ಕಾಲು ಮುರ್ಕೊಂಡ, ಅದೇ ಕಾಲಲ್ಲಿ ಸ್ವೀಡನ್ನಿಗೆ ಹೋಗಿ ಎರಡನೇ ಸ್ಥಾನ ತಂದ. ಲಿವರ್‌ಪೂಲಿನ ಪುಟ್ಟ ಆಳು ಪೀಟರ್ ಕ್ರೇವನ್, 1955 ಮತ್ತು 1962ರ ಚಾಂಪಿಯನ್, 1963ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೋದಲ್ಲಿ ಮುಂದೆ ಬಿದ್ದವನನ್ನ ತಪ್ಪಿಸೋಕೆ ಹೋಗಿ ಬೇಲಿಗೆ ಬಡಿದು ನಾಲ್ಕು ದಿನಕ್ಕೆ ತೀರ್ಕೊಂಡ. ಇಪ್ಪತ್ತೊಂಬತ್ತು ವಯಸ್ಸು. ಗಾಯಗೊಂಡ ರೈಡರ್‌ಗಳಿಗೆ ಅಂತ ಒಂದು ಬೆನೆವಲೆಂಟ್ ಫಂಡ್ ಇದೆ, ಅದಕ್ಕೆ ಈಗಲೂ ಇದೇ ಮುದುಕರು ಬಕೆಟ್ ಹಿಡಿದು ಸ್ಟ್ಯಾಂಡಿನಲ್ಲಿ ಕಾಸು ಎತ್ತುತ್ತಾರೆ. ಇದನ್ನ ನಾಸ್ಟಾಲ್ಜಿಯಾ ಅಂತ ಮೂಗು ಮುರೀಬೇಡಿ, ಇದು ಸಾಲ ತೀರಿಸೋ ಕೆಲಸ.

ಎಲ್ಲಾ ಹಳೇದು ಚಿನ್ನ ಅಂತಲೂ ನಾನು ಹೇಳ್ತಿಲ್ಲ. ಐರ್ಲೆಂಡಿನ ಫೇ ಟೇಲರ್ ಗಂಡಸರನ್ನ ಸೋಲಿಸ್ತಿದ್ದ ರೈಡರು, 1930ರಲ್ಲಿ ಹೆಂಗಸರಿಗೇ ನಿಷೇಧ ಹಾಕಿಬಿಟ್ರು. ಅದನ್ನೂ ಈ ತಾತಂದಿರು ನೆನಪಿಟ್ಕೊಂಡ್ರೆ ಒಳ್ಳೇದು.

ಸ್ವಂತ ಜಾಗದ ಬೆಲೆ ಗೊತ್ತಿದ್ದವನು ಒಬ್ಬ ಇದ್ದ, ಅವನೂ ನಿಮ್ಮೂರಿನ ಟೀಮಿನವನೇ. ಡೆನ್ಮಾರ್ಕಿನ ಓಲೆ ಓಲ್ಸನ್, ಮೂರು ಸಲ ವರ್ಲ್ಡ್ ಚಾಂಪಿಯನ್, ಮೂರನೇದನ್ನ 1978ರಲ್ಲಿ ಗೆದ್ದಾಗ ಕವೆಂಟ್ರಿ ರೈಡರು. ದುಡಿದ ದುಡ್ಡಲ್ಲಿ ತನ್ನ ದೇಶದ ವೊಯೆನ್ಸ್ ಅನ್ನೋ ಊರಲ್ಲಿ ಸ್ವಂತ ಟ್ರ್ಯಾಕ್ ಕಟ್ಟಿಸಿದ, ಮುಂದೆ ವರ್ಲ್ಡ್ ಫೈನಲ್ಲೇ ಅಲ್ಲಿಗೆ ಬಂತು. ಪೋಲೆಂಡಿನ ಟೊರುನ್ ಊರಿನವರು ನಗರದ ದುಡ್ಡಲ್ಲೇ 2009ರಲ್ಲಿ ಮೋಟೊಅರೇನಾ ಕಟ್ಟಿದ್ರು, ಇವತ್ತು ಇಂಗ್ಲಿಷ್ ಹುಡುಗರು ಸಂಪಾದನೆಗೆ ಹೋಗೋದು ಪೋಲೆಂಡಿಗೇ. ಮ್ಯಾಂಚೆಸ್ಟರಿನವರೂ ತಡವಾಗಿ ಬುದ್ಧಿ ಕಲಿತು ಕೌನ್ಸಿಲ್ ಬೆಂಬಲದಲ್ಲಿ 2016ರಲ್ಲಿ ಹೊಸ ಸ್ಟೇಡಿಯಂ ಕಟ್ಟಿದ್ರು. ಮೊದಲನೇ ದಿನವೇ ಟ್ರ್ಯಾಕ್ ಸರಿ ಇಲ್ಲ ಅಂತ ರೇಸ್ ರದ್ದಾಯ್ತು, ಅದು ಬೇರೆ ಮಾತು. ರೇಸ್ ಅಂತೂ ಉಳೀತು.

ಇನ್ನು ಕನ್ನಡ ಓದುಗರಿಗೆ ಏನಾಗ್ಬೇಕು ಅಂದ್ರಲ್ಲ. ಹಾಸನದವರಾಗಿ ಜಾವಾ ಮರೆತ್ರಾ ಸಾರ್? 1961ರಿಂದ 1996ರ ತನಕ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿ ಬೈಕು ಕಟ್ಟಿತು. ಆ ಹೆಸರಿನ ಮೂಲ ಕಂಪನಿಯ ಜೆಕೊಸ್ಲೊವಾಕಿಯಾದವರೇ 1960ರ ದಶಕದಲ್ಲಿ ಎಸೋ ಅನ್ನೋ ಫ್ಯಾಕ್ಟರಿಯನ್ನ ಸೇರಿಸ್ಕೊಂಡು ಸ್ಪೀಡ್‌ವೇ ಬೈಕು ಮಾಡಿ, ಅಷ್ಟು ವರ್ಷ ಮೆರೆದಿದ್ದ ಲಂಡನ್ನಿನ ಜೆಎಪಿ ಎಂಜಿನ್ನನ್ನ ಟ್ರ್ಯಾಕಿಂದ ಆಚೆ ಕಳಿಸಿದ್ದು. ನಮ್ಮದು ಟೂ ಸ್ಟ್ರೋಕ್ ರೋಡ್ ಬೈಕು, ಅವರದ್ದು ಫೋರ್ ಸ್ಟ್ರೋಕು, ಒಂದೇ ಗಾಡಿ ಅಂತ ಹೇಳ್ತಿಲ್ಲ. ಆದ್ರೆ ಟ್ಯಾಂಕಿನ ಮೇಲಿನ ಹೆಸರು ಒಂದೇ. ಜುಲೈ ಎರಡನೇ ಭಾನುವಾರ ಬೆಂಗಳೂರಿಗೆ ಬನ್ನಿ, ಜಾವಾ ದಿನಕ್ಕೆ ಹೊಗೆ ಬಿಟ್ಕೊಂಡು ಸಾಲುಗಟ್ಟೋ ಹುಡುಗರಲ್ಲಿ ಎಷ್ಟೋ ಜನ ಆ ಫ್ಯಾಕ್ಟರಿ ಮುಚ್ಚಿದ್ಮೇಲೆ ಹುಟ್ಟಿದವರು. ಅವರಿಗೂ ಹೇಳಿ, ಮುದುಕರ ನೆನಪು ಯಾಕ್ರಪ್ಪಾ ಅಂತ.

ಜಾಗ ಮಾರಿದವರನ್ನ ಯಾರೂ ಏನೂ ಕೇಳಲ್ಲ, ನೆನೆಸ್ಕೊಂಡು ಕೂತವನಿಗೆ ಮಾತ್ರ ಉಪದೇಶ. ಕಪಾಲಿ ಥಿಯೇಟರ್ ಹೋದಾಗಲೂ ಹೀಗೇ ಆಯ್ತು, "ಕಾಲಕ್ಕೆ ತಕ್ಕಂಗೆ ಬದಲಾಗ್ಬೇಕು" ಅಂತ ನಮಗೇ ಬುದ್ಧಿ ಹೇಳಿದ್ರು. ನಮ್ಮ ಪೇಪರ್‌ಗಳಲ್ಲಿ ಆಟದ ಪೇಜು ಅಂದ್ರೆ ಕ್ರಿಕೆಟ್ಟು, ಅದರ ಪಕ್ಕದಲ್ಲಿ ಕ್ರಿಕೆಟ್ಟಿನ ಜಾಹೀರಾತು. ನಾಲ್ಕು ಪೇಜ್ ಬೇರೆಯವರಿಗೆ ಕೊಟ್ರೆ ನಿಮ್ಮಂಥ ಓದೋರಿಗೇ ಬೇಜಾರು ಅಂದ್ರೆ ನಾನು ಯಾರಿಗೆ ಹೇಳ್ಲಿ.

ನೀವು ಸಿಟ್ಟು ಬಂದ್ರೂ ನಾಲ್ಕೂ ಪೇಜು ಪೂರ್ತಿ ಓದಿದ್ದೀರಿ ಅಂತ ಪತ್ರದಲ್ಲೇ ಗೊತ್ತಾಗುತ್ತೆ, ಅದಕ್ಕೆ ಒಂದು ಕೆಲಸ ವಹಿಸ್ತೀನಿ. ಆ ತಾತನ ಹತ್ರ ಓಲ್ಸನ್ ಕಾಲದ ಪ್ರೋಗ್ರಾಂ ಪುಸ್ತಕ ಇದ್ದೇ ಇರುತ್ತೆ, ಪೆನ್ಸಿಲ್ಲಲ್ಲಿ ಪಾಯಿಂಟ್ ಬರೆದಿರೋದು. ಕೇಳಿ, ಒಂದೆರಡು ಪೇಜ್ ನೀಟಾಗಿ ಫೋಟೋ ತೆಗೆದು ಹತ್ತನೇ ತಾರೀಖಿನೊಳಗೆ ಕಳಿಸಿ. ತಾತ ಒಪ್ಪಿದ್ರೆ ಮುಂದಿನ ಸಂಚಿಕೆಯಲ್ಲಿ ಇನ್ನೂ ಎರಡು ಪೇಜ್ ಹಾಕ್ತೀನಿ, ಬೈದು ಇನ್ನೊಂದು ಪತ್ರ ಬರೀರಿ.

— ಸಂ.