ಅಪ್ಪನ ಜೊತೆ ಅಂಜನಾದ್ರಿ ಹತ್ತಬೇಕು

ಪ್ರಶ್ನೆ: ಅಕ್ಕಾ, ಡಿಸೆಂಬರ್ ಕೊನೆಯ ವಾರ ಅಪ್ಪನನ್ನು ಆನೆಗೊಂದಿ ಹತ್ತಿರದ ಅಂಜನಾದ್ರಿ ಬೆಟ್ಟದ ಹನುಮನ ಗುಡಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅವರಿಗೆ 64 ವರ್ಷ. ಹೊಲದಲ್ಲಿ ದುಡಿದ ಮೈ. ಈಚೆಗೆ ಮಂಡಿ ನೋವು ಅಂತಾರೆ, ಬಿ.ಪಿ. ಮಾತ್ರೆಯೂ ಇದೆ. ಸೂರ್ಯೋದಯ ನೋಡಲು ನಸುಕಿನ ನಾಲ್ಕೂವರೆಗೇ ಹತ್ತಬಹುದಾ?
– ಓದುಗರು, ಸಿಂಧನೂರು

ಉತ್ತರ: ತಂಗಿ, ಕರೆದುಕೊಂಡು ಹೋಗು. ಆದರೆ ನಾಲ್ಕೂವರೆಗೆ ಬೇಡವೇ ಬೇಡ. ಆನೆಗೊಂದಿ ಸುತ್ತಲಿನ ಬಂಡೆಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಆ ವಾರ ಸೂರ್ಯ ಹುಟ್ಟುವುದೇ ಸುಮಾರು 6:40ಕ್ಕೆ. ಚೆನ್ನಾಗಿ ಬೆಳಕು ಹರಿದ ಮೇಲೆ ಕಾಲಿಡಿ. ಸೂರ್ಯ ಮೊದಲೇ ಹುಟ್ಟಿಬಿಟ್ಟರೆ ಹುಟ್ಟಲಿ. ಮೇಲಿನಿಂದ ಗದ್ದೆ, ತೆಂಗು, ತುಂಗಭದ್ರೆ ಎಲ್ಲಾ ಎಂಟು ಗಂಟೆಗೂ ಅಷ್ಟೇ ಚಂದ ಕಾಣುತ್ತವೆ.

ನನಗೆ ಚಿಂತೆ ಇರುವುದು ಇಳಿಯುವಾಗಿನದು. ಏಳು ವರ್ಷದ ಹಿಂದೆ ನನ್ನ ಅವ್ವನನ್ನು ಕರೆದುಕೊಂಡು ಹೋಗಿದ್ದೆ. 575 ಮೆಟ್ಟಿಲು, ಅವ್ವ ಎಲ್ಲೂ ಜಾಸ್ತಿ ಹೊತ್ತು ನಿಲ್ಲಲಿಲ್ಲ. ನಾನೂ ಖುಷಿಯಲ್ಲಿ ತಡೆಯಲಿಲ್ಲ. ಇಳಿಯಲು ಶುರು ಮಾಡಿ ನೂರು ಮೆಟ್ಟಿಲು ಆಗಿರಲಿಲ್ಲ, ಕಾಲು ಥರಥರ ನಡುಗಿದವು. ಉಳಿದದ್ದನ್ನೆಲ್ಲ ಕೂತು ಕೂತು ಇಳಿದಳು. ಬಿಸಿಲು ಏರಿತ್ತು, ನೀರಿನ ಬಾಟಲಿ ಖಾಲಿ. ಅವಳ ಆ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

ಹತ್ತುವಾಗ ದಮ್ಮು ಬೇಕು, ಇಳಿಯುವಾಗ ಮೈಭಾರವೆಲ್ಲ ಮಂಡಿಗೆ ಬೀಳುತ್ತದೆ. ಅಪ್ಪನ ಕೈಗೊಂದು ಕೋಲು ಕೊಡು. ಐವತ್ತು ಮೆಟ್ಟಿಲಿಗೊಮ್ಮೆ ಕೂರಿಸು. ಇಳಿಯುವಾಗ ನೋವಿರುವ ಕಾಲು ಮೊದಲು ಕೆಳಗೆ, ಆಮೇಲೆ ಇನ್ನೊಂದು. ನೀನು ಅವರಿಗಿಂತ ಒಂದು ಮೆಟ್ಟಿಲು ಕೆಳಗೇ ಇರು.

ಚಳಿಗಾಲದಲ್ಲಿ ಬೆವರು ಬೇಗ ಆರಿಬಿಡುತ್ತದೆ, ಬಾಯಾರಿಕೆ ಗೊತ್ತೇ ಆಗಲ್ಲ. ಒಬ್ಬೊಬ್ಬರಿಗೆ ಒಂದು ಲೀಟರ್ ನೀರಾದರೂ ಇರಲಿ. ಸ್ವೆಟರ್ ಹತ್ತುವಾಗ ಬಿಚ್ಚಿ, ಮೇಲೆ ಗಾಳಿಗೆ ಕೂತಾಗ ಹಾಕಿಕೊಳ್ಳಲಿ. ರೊಟ್ಟಿ, ಶೇಂಗಾ, ಬೆಲ್ಲ ಬ್ಯಾಗಿನೊಳಗೆ ಇರಲಿ. ಕೈಯಲ್ಲಿ ಕವರ್ ಕಂಡರೆ ಕೋತಿಗಳು ಬಿಡಲ್ಲ. ಮಾಲೆ ಹಾಕಿದ ಭಕ್ತರು ಬೆಟ್ಟಕ್ಕೆ ಬಂದು ಅದನ್ನು ತೆಗೆಯುವ ಹನುಮಮಾಲೆ ವಿಸರ್ಜನೆ ಬರುವುದು ಮಾರ್ಗಶಿರದ ಹನುಮದ್ ವ್ರತಕ್ಕೆ. ಆ ದಿನ ವಿಪರೀತ ಜನ, ಕ್ಯಾಲೆಂಡರ್ ನೋಡಿಕೊಂಡು ಬೇರೆ ದಿನ ಹೋಗಿ.

ಡಾಕ್ಟರನ್ನು ಒಮ್ಮೆ ಕೇಳು. ಬೆಳಗಿನ ಮಾತ್ರೆ ತಪ್ಪಿಸಬೇಡ. ದಾರಿಯಲ್ಲಿ ಎದೆ ಬಿಗಿದಂತಾದರೆ ಅಲ್ಲೇ ಕೂರಿಸಿ 108ಕ್ಕೆ ಫೋನ್ ಮಾಡು, ನಡೆಸಬೇಡ.

ಇನ್ನೂ ದಿನ ಇದೆ, ಅಲ್ವಾ? ನಾಳೆಯಿಂದಲೇ ಮಹಡಿ ಮೆಟ್ಟಿಲು ಹತ್ತಿಸಿ ಇಳಿಸು, ದಿನ ದಿನಕ್ಕೂ ಸ್ವಲ್ಪ ಜಾಸ್ತಿ. ಮರುದಿನ ಮಂಡಿ ಊದಿಕೊಂಡರೆ, ಈ ಸಲ ಅಪ್ಪ ಕೆಳಗಿನಿಂದಲೇ ಕೈಮುಗಿಯಲಿ.