ಝೋನ್ 5 ಎಂದು ಲೇಬಲ್ ಇದ್ದ ಲ್ಯಾವೆಂಡರ್ ಮೈನಸ್ 22 ಡಿಗ್ರಿಗೇ ಸತ್ತುಹೋಯಿತು. ನಮ್ಮದು ಜೇಡಿಮಣ್ಣು. ಇನ್ನೂ ಹೆಚ್ಚು ಚಳಿ ತಡೆಯುವ ಗಿಡ ಯಾವುದು?

ಸತ್ತ ಗಿಡವನ್ನು ಕಿತ್ತು ಬೇರು ನೋಡಿ. ಕಪ್ಪಾಗಿದ್ದು, ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಬಂದರೆ ಅದನ್ನು ಕೊಂದದ್ದು ನೀರು, ಚಳಿಯಲ್ಲ. ಹಾಗಿದ್ದರೆ ಇನ್ನೂ ಹೆಚ್ಚು ಚಳಿ ತಡೆಯುವ ಝೋನ್ 3ರ ಗಿಡ ತಂದರೂ ಅದೇ ಗತಿ. ಝೋನ್ ಸಂಖ್ಯೆ ಹೇಳುವುದು ವರ್ಷದ ಅತಿ ಕಡಿಮೆ ಉಷ್ಣಾಂಶದ ಸರಾಸರಿಯನ್ನು ಮಾತ್ರ. ಸಂಖ್ಯೆ ಕಡಿಮೆಯಾದಷ್ಟೂ ಚಳಿ ಹೆಚ್ಚು; ಝೋನ್ 5 ಅಂದರೆ ಸುಮಾರು ಮೈನಸ್ 29ರಿಂದ ಮೈನಸ್ 23 ಡಿಗ್ರಿ ಸೆಲ್ಸಿಯಸ್. ನಿಮ್ಮ ಮಣ್ಣಿನ ವಿಷಯ ಅದರಲ್ಲಿಲ್ಲ.

ಬಹಳ ಜನ ಮಾಡುವ ತಪ್ಪೊಂದಿದೆ: ಜೇಡಿಮಣ್ಣಿನಲ್ಲಿ ಗುಂಡಿ ತೋಡಿ, ಅದಕ್ಕೆ ಮಾತ್ರ ಮರಳು, ಗೊಬ್ಬರ ತುಂಬಿ ಗಿಡ ನೆಡುವುದು. ಸುತ್ತಲಿನ ಗಟ್ಟಿ ಮಣ್ಣು ನೀರು ಬಿಡುವುದಿಲ್ಲ, ಗುಂಡಿ ಬಾನಿಯಂತೆ ತುಂಬಿ ನಿಲ್ಲುತ್ತದೆ. ಚಳಿಗಾಲದಲ್ಲಿ ಗಿಡ ನೀರು ಕುಡಿಯುವುದೇ ಕಡಿಮೆ, ಹಾಗಾಗಿ ಬೇರಿಗೆ ಉಸಿರು ಕಟ್ಟಿ ಕೊಳೆಯುತ್ತದೆ. ಆ ನೀರು ಹೆಪ್ಪುಗಟ್ಟಿದಾಗ ಮಣ್ಣು ಉಬ್ಬಿ ಗಿಡವನ್ನೇ ಮೇಲಕ್ಕೆತ್ತುತ್ತದೆ. ಕರಗಿದಾಗ ಗಿಡ ಪೂರ್ತಿ ಕೆಳಗಿಳಿಯುವುದಿಲ್ಲ. ನಾಲ್ಕಾರು ಸಲ ಹೀಗಾದರೆ ಬೇರು ಹರಿದು ಗಾಳಿಗೆ ತೆರೆದುಕೊಳ್ಳುತ್ತದೆ.

ಮೊದಲು ಪರೀಕ್ಷೆ ಮಾಡಿ. 30 ಸೆಂ.ಮೀ. ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ ಅಳೆಯಿರಿ. ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಅಲ್ಲಿ ನೇರ ನೆಲದಲ್ಲಿ ಲ್ಯಾವೆಂಡರ್ ಬೇಡವೇ ಬೇಡ. 25-30 ಸೆಂ.ಮೀ. ಎತ್ತರದ ಏರುಮಡಿ ಕಟ್ಟಿ ಅದರ ಮೇಲೆ ನೆಡಿ, ಇಲ್ಲವೇ ತೇವ ಸಹಿಸುವ ಸೈಬೀರಿಯನ್ ಐರಿಸ್ ಹೂಗಿಡ ಹಾಕಿ. ನಾನಾದರೆ ಐರಿಸ್ ಆರಿಸುತ್ತೇನೆ, ಮಣ್ಣಿನ ಜೊತೆ ಗುದ್ದಾಟ ಇರುವುದಿಲ್ಲ.

ನೆಡುವುದು ನೆಲ ಹೆಪ್ಪುಗಟ್ಟುವುದಕ್ಕೆ ಕನಿಷ್ಠ ಆರು ವಾರ ಮೊದಲೇ ಆಗಬೇಕು. ಬೇಸಿಗೆಯ ಕೊನೆಗೆ ಸಾರಜನಕ ಗೊಬ್ಬರ ನಿಲ್ಲಿಸಿ, ಇಲ್ಲದಿದ್ದರೆ ಅದರಿಂದ ಬರುವ ಎಳೆ ಚಿಗುರು ಮೊದಲ ಹಿಮಕ್ಕೇ ಸುಟ್ಟುಹೋಗುತ್ತದೆ. ಒಣ ಎಲೆ, ಹುಲ್ಲಿನಂಥ ಹೊದಿಕೆಯನ್ನು ನೆಲ ಹೆಪ್ಪುಗಟ್ಟಿದ ಮೇಲೆ 5-10 ಸೆಂ.ಮೀ. ದಪ್ಪ ಹಾಕಿ, ಕಾಂಡಕ್ಕೆ ತಾಗಿಸಬೇಡಿ. ಹೊದಿಕೆ ಇರುವುದು ಮಣ್ಣು ಪದೇ ಪದೇ ಕರಗಿ ಹೆಪ್ಪುಗಟ್ಟದಿರಲಿ ಎಂದು, ಬೆಚ್ಚಗಿಡಲು ಅಲ್ಲ. ಕುಂಡದಲ್ಲಾದರೆ ಬೇರಿಗೆ ನಾಲ್ಕೂ ಕಡೆಯಿಂದ ಚಳಿ ತಗಲುತ್ತದೆ, ನಿಮ್ಮ ಝೋನ್‌ಗಿಂತ ಎರಡು ಕಡಿಮೆ ಸಂಖ್ಯೆಯ ಗಿಡವನ್ನೇ ತನ್ನಿ.

ಹೈಡ್ರೇಂಜಿಯ ಹೂಗಿಡ ಬೇಕೆನಿಸಿದರೆ ದುಂಡು ಗೊಂಚಲಿನ ನೀಲಿ ಜಾತಿ ಬಿಡಿ. ಅದರ ಮೊಗ್ಗು ಹಳೆಯ ಕೊಂಬೆಯಲ್ಲೇ ಇದ್ದು ಚಳಿಗೆ ಸಾಯುತ್ತದೆ. ಬುಡ ಬದುಕಿದರೂ ಹೂವಿಲ್ಲ. ಪ್ಯಾನಿಕ್ಯುಲಾಟ ಎಂಬ ಹೈಡ್ರೇಂಜಿಯ ಜಾತಿ ಆ ವರ್ಷದ ಚಿಗುರಿನಲ್ಲೇ ಹೂ ಬಿಡುತ್ತದೆ, ಝೋನ್ 3ರಲ್ಲೂ.